ಸಂಜೆ ಆರಕ್ಕೆ ಕದ ಮುಚ್ಚುವ ಘಾಟಿ

ವ್ಯಾಪಾರಸ್ಥರ ಮನೆಗಳಲ್ಲಿ ಪ್ರವಾಸವೆಂದರೆ ಎರಡೇ ಬಗೆ. ಒಂದು, ಮನೆಮಂದಿಯೆಲ್ಲ ಕೂಡಿ ಹೋಗುವ ತೀರ್ಥಯಾತ್ರೆ. ಇನ್ನೊಂದು, ಮಾಲು ಕೊಳ್ಳಲೋ ಬಾಕಿ ವಸೂಲಿಗೋ ಒಬ್ಬರೇ ಹೋಗಿಬರುವ ತಿರುಗಾಟ. ಸುಮ್ಮನೆ ಬೆಟ್ಟ ನೋಡಿ ಬರೋಣ ಎಂದರೆ ಅಂಗಡಿಯ ಕದ ಹಾಕಬೇಕಲ್ಲ ಎಂಬ ಚಿಂತೆ ಮೊದಲು ಎದುರು ನಿಲ್ಲುತ್ತದೆ. ವರ್ಷದಲ್ಲಿ ಆ ಚಿಂತೆ ತುಸು ಸಡಿಲವಾಗುವುದು ದೀಪಾವಳಿಯಲ್ಲಿ. ಭಗವಾನ್ ಮಹಾವೀರರ ನಿರ್ವಾಣ ಪೂಜೆ ಮುಗಿದು, ಲೆಕ್ಕದ ಪುಸ್ತಕಗಳಿಗೆ ಅರಿಸಿನ ಕುಂಕುಮ ಬಿದ್ದ ಮೇಲೆ ಒಂದೆರಡು ದಿನ ಗಿರಾಕಿಯೂ ಬರುವುದಿಲ್ಲ, ಸಾಲಗಾರನೂ ಬರುವುದಿಲ್ಲ. 2024ರಲ್ಲಿ ದೀಪಾವಳಿಯೂ ಕನ್ನಡ ರಾಜ್ಯೋತ್ಸವವೂ ಒಟ್ಟಿಗೆ ಬಂದು, ವಾರದ ಕೊನೆಯೂ ಸೇರಿ ಸಾಲು ರಜೆಯಾಯಿತು. ಆ ಬಿಡುವಿನಲ್ಲಿ ನಾನು ನನ್ನ ಹಳೆಯ ಮಿತ್ರರೊಬ್ಬರ ಜೊತೆ ತಾಳವಾಡಿ ಸೀಮೆಗೆ ಹೋಗಿಬಂದೆ. ಮಿತ್ರರದು ಮೈಸೂರಿನಲ್ಲಿ ಅರಿಸಿನದ ವ್ಯಾಪಾರ. ಮಾಲು ಈರೋಡಿನಿಂದ ಬರುತ್ತದೆ. ಅದು ಬರುವ ದಾರಿಯನ್ನು ಅವರು ಇಪ್ಪತ್ತು ವರ್ಷ ಲಾರಿಯ ಬಿಲ್ಟಿಯಲ್ಲಿ ಓದಿದ್ದರೇ ಹೊರತು ಕಣ್ಣಾರೆ ಕಂಡಿರಲಿಲ್ಲ.

ಶರದೃತು ಬೆಟ್ಟ ನೋಡಲು ಒಳ್ಳೆಯ ಕಾಲ. ಮುಂಗಾರು ಹಿಂದೆ ಸರಿದಿರುತ್ತದೆ, ಹಿಂಗಾರಿನ ಮೋಡಗಳು ಆಗಾಗ ಬಂದು ಒಂದು ಮಳೆ ಸುರಿಸಿ ಹೋಗುತ್ತವೆ. ಹಳ್ಳಗಳಲ್ಲಿ ನೀರಿರುತ್ತದೆ, ದಾರಿಯಲ್ಲಿ ಧೂಳಿರುವುದಿಲ್ಲ. ಹೊಲಗಳಲ್ಲಿ ರಾಗಿ ತೆನೆ ಬಾಗುತ್ತಿರುತ್ತದೆ, ಚೆಂಡುಹೂವಿನ ತಾಕುಗಳು ದೂರದಿಂದಲೇ ಕಣ್ಣು ಸೆಳೆಯುತ್ತವೆ. ಚಾತುರ್ಮಾಸ ಮುಗಿದು ಮುನಿಸಂಘಗಳು ಮತ್ತೆ ವಿಹಾರ ಹೊರಡುವ ಕಾಲವೂ ಇದೇ.

ಕನಕಗಿರಿಯ ದರ್ಶನ

ಬೆಳಗಿನ ಪೂಜೆ ಮುಗಿಸಿ, ಊಟ ಮಾಡಿ ಮೈಸೂರು ಬಿಟ್ಟೆವು. ನಂಜನಗೂಡು ದಾಟಿದ ಮೇಲೆ ದಾರಿ ಬಿಟ್ಟು ಮಲೆಯೂರಿನ ಕನಕಗಿರಿಗೆ ಹೋದೆವು. ಚಾಮರಾಜನಗರ ತಾಲ್ಲೂಕಿನಲ್ಲಿರುವ ಈ ಕ್ಷೇತ್ರ ನಮ್ಮ ಓದುಗರಲ್ಲಿ ಅನೇಕರಿಗೆ ಪರಿಚಿತ. ಬೆಟ್ಟದ ಮೇಲೆ ಪಾರ್ಶ್ವನಾಥ ಸ್ವಾಮಿಯ ಬಸದಿಯಿದೆ. ಆಚಾರ್ಯ ಪೂಜ್ಯಪಾದರ ತಪೋಭೂಮಿಯೆಂದು ಪರಂಪರೆ ಈ ಬೆಟ್ಟವನ್ನು ಗೌರವಿಸುತ್ತ ಬಂದಿದೆ. 'ರಾಜಾವಳಿ ಕಥೆ' ಬರೆದ ದೇವಚಂದ್ರ ಕವಿಯೂ ಇದೇ ಊರಿನವನು.

ಬೆಟ್ಟದ ಮೇಲೆ ಸಂಜೆಯ ಬಿಸಿಲಿನಲ್ಲಿ ಕುಳಿತಾಗ ತೆಂಕಣ ದಿಕ್ಕಿನಲ್ಲಿ ನೀಲಿಯಾದ ಬೆಟ್ಟಸಾಲು ಕಾಣಿಸಿತು. ಆ ಸಾಲಿನಾಚೆ ಕೊಂಗುನಾಡು. ಅಲ್ಲಿ, ಈರೋಡ್ ಜಿಲ್ಲೆಯ ವಿಜಯಮಂಗಲದಲ್ಲಿ, ಚಂದ್ರಪ್ರಭ ತೀರ್ಥಂಕರರ ಹಳೆಯ ಬಸದಿಯಿದೆ. ಶ್ರವಣಬೆಳಗೊಳದ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನ ತಂಗಿಯ ನಿಷಿಧಿ ಅಲ್ಲಿದೆ. ಅಣ್ಣನ ಕೀರ್ತಿ ಬೆಟ್ಟದ ಈಚೆ, ತಂಗಿಯ ಸಲ್ಲೇಖನ ಬೆಟ್ಟದ ಆಚೆ. ಸಾವಿರ ವರ್ಷದ ಹಿಂದೆಯೇ ನಮ್ಮ ಜನ ಈ ಘಟ್ಟ ಹತ್ತಿ ಇಳಿದಿದ್ದಾರೆ ಎಂದಾಯಿತು. "ಹಾಗಾದರೆ ನಮ್ಮ ಲಾರಿ ಹೊಸ ದಾರಿಯಲ್ಲೇನೂ ಓಡುತ್ತಿಲ್ಲ" ಎಂದು ಮಿತ್ರರು ನಕ್ಕರು. ಕತ್ತಲಾಗುವ ಮೊದಲೇ ಚಾಮರಾಜನಗರ ಸೇರಿ ಬಂಧುಗಳ ಮನೆಯಲ್ಲಿ ಊಟ ಮುಗಿಸಿ ತಂಗಿದೆವು.

ತಾಳವಾಡಿ ಯಾರದು?

ಮರುದಿನದ ದಾರಿಯನ್ನು ಹೇಳುವ ಮುನ್ನ ಊರಿನ ಸಂಗತಿ ಎರಡು ಮಾತಿನಲ್ಲಿ ಹೇಳಬೇಕು. ತಾಳವಾಡಿ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ ಗುಡ್ಡಗಾಡು ಸೀಮೆ. ಜಿಲ್ಲೆಯ ಹೆಚ್ಚಿನ ಭಾಗ ಘಾಟಿಯ ಕೆಳಗೆ ಬಯಲಿನಲ್ಲಿದ್ದರೆ, ತಾಳವಾಡಿ ಘಾಟಿಯ ಮೇಲೆ ಮೈಸೂರು ಸೀಮೆಗೆ ಅಂಟಿಕೊಂಡಿದೆ. ಮನೆಮಾತು ಹೆಚ್ಚಿನವರದು ಕನ್ನಡ. ಬ್ರಿಟಿಷರ ಕಾಲದಲ್ಲಿ ಇದು ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ಮರುವಿಂಗಡಣೆಯಾದಾಗ ಅದೇ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂದಿತು. ತಾಳವಾಡಿ ಅಲ್ಲೇ ಉಳಿಯಿತು. 1979ರಲ್ಲಿ ಈರೋಡ್ ಜಿಲ್ಲೆಯಾದಾಗ ಅದಕ್ಕೆ ಸೇರಿತು. 2016ರಲ್ಲಿ ಸತ್ಯಮಂಗಲದಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತು.

ಈ ಸೀಮೆಯ ಹೆಸರು ಒಂದು ಕಾಲದಲ್ಲಿ ಭಯ ಹುಟ್ಟಿಸುತ್ತಿತ್ತು. ವೀರಪ್ಪನ್ ಈ ಕಾಡುಗಳಲ್ಲಿ ಓಡಾಡುತ್ತಿದ್ದ ವರ್ಷಗಳಲ್ಲಿ ಪ್ರವಾಸಕ್ಕೆಂದು ಇತ್ತ ಬರುವ ಧೈರ್ಯ ಯಾರಿಗಿತ್ತು? ಡಾ. ರಾಜ್‌ಕುಮಾರ್ ಅವರ ಹುಟ್ಟೂರು ದೊಡ್ಡಗಾಜನೂರು ತಾಳವಾಡಿಯ ಸಮೀಪವೇ ಇದೆ. 2000ದ ಜುಲೈ 30ರ ರಾತ್ರಿ ಅವರನ್ನು ಅಪಹರಿಸಿದ್ದು ಅಲ್ಲಿನ ತೋಟದ ಮನೆಯಿಂದಲೇ. 108 ದಿನಗಳ ತರುವಾಯ, ನವೆಂಬರ್ 15ರಂದು ಅವರು ಬಿಡುಗಡೆಯಾದರು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಕೊಲ್ಲಲ್ಪಟ್ಟ ಮೇಲೆ ಆ ಭಯ ಕಳೆಯಿತು. ಕಾಡಿನ ಅಂಚಿನ ಬಡಜನ, ಅದರಲ್ಲೂ ಸೋಲಿಗರು, ಅಷ್ಟು ವರ್ಷ ಎರಡೂ ಕಡೆಯಿಂದ ಪಟ್ಟ ಪಾಡು ಮಾತ್ರ ಹಿರಿಯರ ಮಾತಿನಲ್ಲಿ ಇನ್ನೂ ಇಣುಕುತ್ತದೆ.

ಕಬ್ಬಿನ ಲಾರಿ ಮತ್ತು ಆನೆ

ಚಾಮರಾಜನಗರದಿಂದ ಅಟ್ಟುಗೂಳಿಪುರ ಕಳೆದ ಮೇಲೆ ಕಾಡು ಆರಂಭ. ಮೊದಲಿಗೆ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದ ಅಂಚು, ಪುಣಜನೂರಿನ ತಪಾಸಣೆ ಠಾಣೆ ದಾಟಿದರೆ ಸತ್ಯಮಂಗಲದ ಕಾಡು. ಕಾಡಿಗೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂಬುದೇ ತಿಳಿಯದು. ಫಲಕದ ಮೇಲಿನ ಅಕ್ಷರ ಕನ್ನಡದಿಂದ ತಮಿಳಿಗೆ ತಿರುಗಿದಾಗ ಮನುಷ್ಯರಿಗೆ ಗೊತ್ತಾಗುತ್ತದೆ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ವಿಸ್ತೀರ್ಣ ಸುಮಾರು 1,400 ಚದರ ಕಿಲೋಮೀಟರ್. ಬಂಡೀಪುರ, ಮುದುಮಲೆ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಈ ಎಲ್ಲ ಕಾಡುಗಳನ್ನೂ ಒಂದಕ್ಕೊಂದು ಹೆಣೆಯುವ ಗಂಟು ಇದು. ಪೂರ್ವಘಟ್ಟವೂ ಪಶ್ಚಿಮಘಟ್ಟವೂ ಕೈ ಹಿಡಿದುಕೊಳ್ಳುವುದು ಇಲ್ಲೇ. ಹುಲಿಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿದ್ದಕ್ಕಾಗಿ 2022ರ ಜನವರಿಯಲ್ಲಿ 'ಟಿಎಕ್ಸ್ 2' ಎಂಬ ಅಂತಾರಾಷ್ಟ್ರೀಯ ಪ್ರಶಸ್ತಿ ಈ ಕಾಡಿಗೆ ಬಂದಿತು.

ಗಡಿಯ ಕಾರಪಳ್ಳಂ ಠಾಣೆಯಿಂದ ಹಾಸನೂರಿಗೆ ಹೋಗುವ ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಅಪಘಾತವೇನೋ ಎಂದು ನಮ್ಮ ಎದೆ ಹೊಡೆದುಕೊಂಡಿತು. ಮುಂದೆ ನೋಡಿದರೆ ಕಬ್ಬಿನ ಲಾರಿ. ಅದರ ಪಕ್ಕದಲ್ಲಿ ಒಂದು ಹೆಣ್ಣಾನೆ, ಅದರ ಕಾಲಡಿಯಲ್ಲಿ ಮರಿ. ಆನೆ ಅವಸರವಿಲ್ಲದೆ ಸೊಂಡಿಲು ಚಾಚಿ ನಾಲ್ಕಾರು ಜಲ್ಲೆ ಎಳೆದು ಮರಿಯ ಮುಂದೆ ಹಾಕುತ್ತಿತ್ತು. ಲಾರಿಯವನು ಎಂಜಿನ್ ನಿಲ್ಲಿಸಿ ಕೈಕಟ್ಟಿ ಕುಳಿತಿದ್ದ. ಯಾರೂ ಹಾರನ್ ಮಾಡಲಿಲ್ಲ. ಕಾಲು ಗಂಟೆ ಕಳೆದ ಮೇಲೆ ತಾಯಿ ಮಗು ಕಾಡಿಗೆ ಇಳಿದವು, ವಾಹನಗಳು ಹೊರಟವು.

ಈ ದೃಶ್ಯ ಅಲ್ಲಿ ಅಪರೂಪವಲ್ಲ. ತಾಳವಾಡಿ ಕಡೆಯಿಂದ ಘಾಟಿಯ ಕೆಳಗಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೋಗುವುದು ಇದೇ ದಾರಿಯಲ್ಲಿ. ಮಿತಿಮೀರಿ ಹೇರಿದ ಲಾರಿಯಿಂದ ಜಲ್ಲೆಗಳು ರಸ್ತೆಗೆ ಬೀಳುತ್ತವೆ. ಅದರ ರುಚಿ ಹತ್ತಿದ ಆನೆ ರಸ್ತೆಗೇ ಬಂದು ಕಾಯುತ್ತದೆ. ನೋಡುವವರಿಗೆ ಅದು ವಿನೋದ. ಆದರೆ ರಸ್ತೆ ಬದಿಯಲ್ಲಿ ನಿಲ್ಲುವುದನ್ನು ಕಲಿತ ಆನೆ ಒಂದಲ್ಲ ಒಂದು ದಿನ ವಾಹನಕ್ಕೆ ಸಿಕ್ಕುತ್ತದೆ, ಇಲ್ಲವೇ ಮನುಷ್ಯ ಅದಕ್ಕೆ ಸಿಕ್ಕುತ್ತಾನೆ.

ಹಿಂದಿನ ದಿನ ಕನಕಗಿರಿಯಲ್ಲಿ ನೆನೆದ ಪೂಜ್ಯಪಾದರು ಮತ್ತೆ ನೆನಪಿಗೆ ಬಂದರು. ತತ್ತ್ವಾರ್ಥ ಸೂತ್ರಕ್ಕೆ ಅವರು ಬರೆದ ವ್ಯಾಖ್ಯಾನವೇ 'ಸರ್ವಾರ್ಥಸಿದ್ಧಿ'. ಅಹಿಂಸಾಣುವ್ರತಕ್ಕೆ ಕಲೆ ತರುವ ಐದು ಅತಿಚಾರಗಳಲ್ಲಿ 'ಅತಿಭಾರಾರೋಪಣ'ವೂ ಒಂದು. ನ್ಯಾಯವಾಗಿ ಹೊರಬಲ್ಲ ಭಾರಕ್ಕಿಂತ ಹೆಚ್ಚು ಹೇರುವುದು ಎಂದು ಅವರು ಅದನ್ನು ಬಿಡಿಸಿ ಹೇಳುತ್ತಾರೆ. ಎತ್ತಿನ ಬೆನ್ನಿಗೆ, ಕತ್ತೆಯ ಬೆನ್ನಿಗೆ ಹೇಳಿದ ಮಾತು ಲಾರಿಗೆ ಸಲ್ಲದು ಎಂದುಕೊಂಡಿದ್ದೆವು. ಲಾರಿಗೆ ಜೀವವಿಲ್ಲ ನಿಜ. ಆದರೆ ಅದರ ಮೇಲೆ ಹೇರಿದ ಹೆಚ್ಚಿನ ಭಾರ ಯಾವುದೋ ಜೀವದ ಮೇಲೆ ಇಳಿಯುವುದನ್ನು ಅಂದು ಕಣ್ಣಾರೆ ಕಂಡೆವು.

ಇಪ್ಪತ್ತೇಳು ತಿರುವುಗಳು

ಹಾಸನೂರಿನಿಂದ ಮುಂದೆ ದಿಂಬಂ. ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದ ಈ ಸಣ್ಣ ಊರಿನಲ್ಲಿ ಪ್ರಸ್ಥಭೂಮಿ ಥಟ್ಟನೆ ಮುಗಿಯುತ್ತದೆ. ಕೆಳಗೆ ಕೊಂಗುನಾಡಿನ ಬಯಲು ಚಾಪೆ ಹಾಸಿದಂತೆ ಕಾಣಿಸುತ್ತದೆ. ದೂರದಲ್ಲಿ ಭವಾನಿಸಾಗರದ ನೀರು ಮಿನುಗುತ್ತದೆ. 1955ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟೆಯ ನೀರಿನಡಿಯಲ್ಲಿ ಹೊಯ್ಸಳರ ದಂಡನಾಯಕನ ಹೆಸರು ಹೊತ್ತ ದಣ್ಣಾಯಕನಕೋಟೆ ಮುಳುಗಿದೆ. ಇನ್ನೂ ಪಶ್ಚಿಮಕ್ಕೆ ಗಜಲಹಟ್ಟಿ ಕಣಿವೆ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಇಳಿದು ಸತ್ಯಮಂಗಲದಲ್ಲಿ ಇಂಗ್ಲಿಷರ ದಂಡನ್ನು ಎದುರಿಸಿದ್ದು ಆ ಕಣಿವೆಯ ದಾರಿಯಿಂದ.

ದಿಂಬಂನಿಂದ ಕೆಳಗಿನ ಬಣ್ಣಾರಿಗೆ ಇಳಿಯುವ ದಾರಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಪ್ರತಿಯೊಂದಕ್ಕೂ ಸಂಖ್ಯೆಯ ಫಲಕವಿದೆ. ಮೊದಲು 209 ಎಂದಿದ್ದು ಈಗ 948 ಎಂದಾಗಿರುವ ರಾಷ್ಟ್ರೀಯ ಹೆದ್ದಾರಿ ಇದು. ಕೊಳ್ಳೇಗಾಲ, ಚಾಮರಾಜನಗರದ ಕಡೆಯಿಂದ ಕೊಯಮತ್ತೂರಿಗೆ ಹೋಗುವ ಸರಕು ಇದರ ಮೇಲೆ ಇಳಿಯುತ್ತದೆ. ಉದ್ದನೆಯ ಲಾರಿ ಒಂದು ತಿರುವಿನಲ್ಲಿ ಸಿಕ್ಕಿಕೊಂಡರೆ ಮೇಲೂ ಕೆಳಗೂ ಗಂಟೆಗಟ್ಟಲೆ ಸಾಲು. ನಾವು ಬಣ್ಣಾರಿಯವರೆಗೆ ಇಳಿದು, ಮತ್ತೆ ಹತ್ತಿ ಮೇಲೆ ಬಂದೆವು. ಏರುವಾಗ ಮಿತ್ರರು ಪ್ರತಿ ತಿರುವಿಗೂ ಸಂಖ್ಯೆ ಹೇಳುತ್ತ, "ನನ್ನ ಅರಿಸಿನಕ್ಕೆ ಇಷ್ಟು ತಲೆ ತಿರುಗುತ್ತದೆಂದು ಗೊತ್ತಿರಲಿಲ್ಲ" ಎಂದರು.

ಆರು ಗಂಟೆ

ರಾತ್ರಿ ಹಾಸನೂರಿನಲ್ಲಿ ತಂಗುವುದೆಂದು ಗೊತ್ತು ಮಾಡಿದ್ದೆವು. ಊಟದ ಕಥೆ ಸ್ವಾರಸ್ಯವಾಗಿದೆ. ತಾಳವಾಡಿ ಸೀಮೆಯಲ್ಲಿ ಚೆನ್ನಾಗಿ ಬೆಳೆಯುವ ಪದಾರ್ಥಗಳೆಂದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ. ಮೂರೂ ನಮ್ಮಲ್ಲಿ ಅನೇಕರ ಅಡುಗೆಮನೆಯ ಹೊಸ್ತಿಲು ದಾಟದವು. ಹೋಟೆಲಿನ ತಾಯಿಗೆ ಅದನ್ನು ವಿವರಿಸಿದಾಗ ಆಕೆ, "ಹಂಗಾರೆ ನಮ್ಮ ಹೊಲದಲ್ಲಿ ಇರೋದೆಲ್ಲ ನಿಮಗೆ ಬ್ಯಾಡ ಅನ್ನಿ" ಎಂದು ನಕ್ಕು, ಕೋಸಿನ ಪಲ್ಯ, ಬೇಳೆ ಸಾರು, ಅನ್ನ ಮಾಡಿಕೊಟ್ಟರು. ಹೊತ್ತು ಮುಳುಗುವ ಮೊದಲೇ ಬಡಿಸಬೇಕೆಂದೂ ಕೇಳಿದ್ದೆವು. ಆ ದಿನಗಳಲ್ಲಿ ಅಲ್ಲಿ ಸೂರ್ಯ ಆರಕ್ಕೆ ಮುಂಚೆಯೇ ಇಳಿದುಬಿಡುತ್ತಾನೆ. ನಾವು ಕೈ ತೊಳೆದು ಹೊರಗೆ ಬರುವುದಕ್ಕೂ ಸರಕಿನ ಲಾರಿಗಳು ಒಂದೊಂದಾಗಿ ಬದಿಗೆ ನಿಲ್ಲುವುದಕ್ಕೂ ಸರಿಹೋಯಿತು. ಚಾಲಕರು ಇಳಿದು ಒಲೆ ಹೂಡಿದರು. ಇನ್ನು ಬೆಳಿಗ್ಗೆಯವರೆಗೆ ಅವರಿಗೆ ಘಾಟಿ ಇಲ್ಲ.

ಈ ಘಾಟಿಯಲ್ಲಿ ರಾತ್ರಿ ಸಂಚಾರವನ್ನು ತಡೆಯಬೇಕೆಂಬ ಜಿಲ್ಲಾಡಳಿತದ ಅಧಿಸೂಚನೆ 2019ರಲ್ಲೇ ಹೊರಟಿತ್ತು. ಮದ್ರಾಸ್ ಹೈಕೋರ್ಟಿನ ನಿರ್ದೇಶನದಂತೆ ಅದು ಜಾರಿಗೆ ಬಂದದ್ದು 2022ರ ಫೆಬ್ರವರಿ 10ರಿಂದ. ಭಾರಿ ಸರಕು ವಾಹನಗಳಿಗೆ ಸಂಜೆ 6ರಿಂದ ಬೆಳಿಗ್ಗೆ 6ರ ವರೆಗೆ, ಸಣ್ಣ ವಾಹನಗಳಿಗೆ ರಾತ್ರಿ 9ರಿಂದ ದಾರಿ ಮುಚ್ಚಿತು. ರಾತ್ರಿಯ ಹೊತ್ತು ರಸ್ತೆ ದಾಟುವ ಜಿಂಕೆ, ಕಡವೆ, ಚಿರತೆಗಳು ವಾಹನಗಳ ಕೆಳಗೆ ಸಿಕ್ಕಿ ಸಾಯುತ್ತಿದ್ದುದೇ ಇದಕ್ಕೆ ಕಾರಣ. ತಾಳವಾಡಿ, ಹಾಸನೂರಿನ ಜನ ಪ್ರತಿಭಟಿಸಿದರು. ಅನಂತರ ಸ್ಥಳೀಯರ ವಾಹನಗಳಿಗೆ ಸಡಿಲಿಕೆ ದೊರೆಯಿತು, ಅತಿಭಾರದ ಲಾರಿಗಳನ್ನು ತಡೆಯುವ ಕ್ರಮವೂ ಬಂದಿತು. ನಮ್ಮ ಬಂಡೀಪುರದ ದಾರಿಗಳಲ್ಲಿ ಇಂಥದೇ ಕಟ್ಟಳೆ 2009ರಿಂದ ಇದೆ.

ಮಿತ್ರರಿಗೆ ಈ ಕಟ್ಟಳೆಯ ಮೇಲೆ ಮೊದಲಿನಿಂದಲೂ ಮುನಿಸು. "ಮಧ್ಯಾಹ್ನ ಲೋಡಾದ ಮಾಲು ಮೊದಲು ರಾತ್ರಿಯೇ ಬಂದು ಬೆಳಿಗ್ಗೆ ಅಂಗಡಿಯ ಮುಂದೆ ನಿಲ್ಲುತ್ತಿತ್ತು. ಈಗ ಒಂದು ದಿನ ಹೆಚ್ಚು" ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಬಂದಿದ್ದರು. ಅಂದು ಸಂಜೆ ಲಾರಿಗಳ ಸಾಲನ್ನು ನೋಡುತ್ತ ನಿಂತಾಗ ನಾನು ಕೇಳಿದೆ: "ನಾವು ಈಗ ಊಟ ಮುಗಿಸಿದೆವಲ್ಲ, ಆರರ ಮೇಲೆ ಯಾಕೆ ಉಣ್ಣುವುದಿಲ್ಲ?" ಅವರು, "ಕತ್ತಲಲ್ಲಿ ಕಣ್ಣಿಗೆ ಕಾಣದ ಜೀವ ಸಾಯಬಾರದೆಂದು" ಎಂದರು. ಹೇಳಿ ಮುಗಿಸುವಾಗಲೇ ನನ್ನ ಪ್ರಶ್ನೆ ಎತ್ತ ಹೋಗುತ್ತಿದೆಯೆಂದು ಅವರಿಗೆ ತಿಳಿದುಹೋಯಿತು. ದೀಪದ ಹುಳುವಿಗಾಗಿ ತಟ್ಟೆಯನ್ನು ಬದಿಗಿಡುವವರು ಕಡವೆಗಾಗಿ ಲಾರಿಯನ್ನು ಬದಿಗಿಡಲಾರೆವೆ? ಮಳೆಗಾಲದ ಹುಳುಹುಪ್ಪಟೆಗಾಗಿ ನಮ್ಮ ಮುನಿಗಳು ನಾಲ್ಕು ತಿಂಗಳು ನಡೆಯುವುದನ್ನೇ ನಿಲ್ಲಿಸುತ್ತಾರೆ. ಈ ಬೆಟ್ಟ ಹನ್ನೆರಡು ಗಂಟೆ ನಿಲ್ಲಿಸೆನ್ನುತ್ತದೆ, ಅಷ್ಟೆ.

ಮಿತ್ರರು ವ್ಯಾಪಾರಸ್ಥರು. ತತ್ತ್ವವನ್ನು ಒಪ್ಪಿದರೂ ಲೆಕ್ಕ ಹಾಕದೆ ಬಿಡುವವರಲ್ಲ. ಜೇಬಿನಿಂದ ಪೆನ್ನು ತೆಗೆದು ಊಟದ ಚೀಟಿಯ ಹಿಂದೆ ಬರೆದರು. ಒಂದು ಲೋಡು 10 ಟನ್, ಎಂದರೆ 10,000 ಕಿಲೋ. ರಾತ್ರಿ ನಿಂತದ್ದಕ್ಕೆ ಬಾಡಿಗೆ, ಚಾಲಕನ ಭತ್ಯೆ ಎಲ್ಲ ಸೇರಿ ಎರಡು ಸಾವಿರ ರೂಪಾಯಿ ಹೆಚ್ಚು. ಭಾಗಿಸಿದರೆ ಕಿಲೋಗೆ 20 ಪೈಸೆ. ನೂರು ರೂಪಾಯಿಗೂ ಮೇಲೆ ಬೆಲೆಬಾಳುವ ಅರಿಸಿನಕ್ಕೆ 20 ಪೈಸೆ. ಚೀಟಿಯನ್ನು ಎರಡು ಸಲ ನೋಡಿ, ಮಡಿಚಿ ಜೇಬಿಗೆ ಹಾಕಿಕೊಂಡರು. ಆ ಮೇಲೆ ಆ ವಿಷಯದಲ್ಲಿ ಅವರು ಗೊಣಗಿದ್ದನ್ನು ನಾನು ಕೇಳಲಿಲ್ಲ.

ಕೋಸಿನ ಹೊಲದ ಲೆಕ್ಕ

ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನ ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡಂತಾಗುತ್ತಿತ್ತು. ಮರುದಿನ ತಾಳವಾಡಿಯಲ್ಲಿ ಲೆಕ್ಕದ ಇನ್ನೊಂದು ಪುಟ ತೆರೆಯಿತು.

ಹಾಸನೂರಿನಿಂದ ಒಳದಾರಿ ಹಿಡಿದು ಬೆಳಿಗ್ಗೆಯೇ ತಾಳವಾಡಿ ಸೇರಿದೆವು. ಸುತ್ತ ಬೆಟ್ಟ, ನಡುವೆ ತಟ್ಟೆಯಂತೆ ಹರಡಿದ ಕೆಂಪುಮಣ್ಣಿನ ಹೊಲಗಳು. ಮಂಜು ಕರಗುತ್ತಿದ್ದಂತೆ ಕೋಸು, ಟೊಮೆಟೊ, ಬಾಳೆ, ಅರಿಸಿನ, ಮೆಕ್ಕೆಜೋಳದ ತಾಕುಗಳು ಒಂದೊಂದಾಗಿ ಕಾಣಿಸಿದವು. ಅಂಗಡಿಗಳ ಮೇಲೆ ತಮಿಳು, ಅಂಗಡಿಯೊಳಗೆ ಕನ್ನಡ. ಸರ್ಕಾರಿ ಕನ್ನಡ ಶಾಲೆಗಳೂ ಈ ಸೀಮೆಯಲ್ಲಿವೆ. ಹತ್ತಿರದ ಗುಮಟಾಪುರದ ಹೆಸರನ್ನು ಓದುಗರು ಪತ್ರಿಕೆಗಳಲ್ಲಿ ಕಂಡಿರಬಹುದು. ದೀಪಾವಳಿ ಮುಗಿಯುವಾಗ ಅಲ್ಲಿ ಗೊರೆಹಬ್ಬ ನಡೆಯುತ್ತದೆ. ಊರ ದನಗಳ ಸಗಣಿಯನ್ನೆಲ್ಲ ಬೀರೇಶ್ವರ ಗುಡಿಯ ಬಳಿ ರಾಶಿ ಹಾಕಿ, ಪೂಜೆ ಮಾಡಿ, ಗಂಡಸರು ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ಮೈಗೆ ಒಳ್ಳೆಯದೆಂಬ ನಂಬಿಕೆ. ಕೇಳಿದರೆ ಮೂಗು ಮುರಿಯುವವರುಂಟು. ಒಂದು ಜೀವಕ್ಕೂ ಕೇಡಿಲ್ಲದೆ ಊರಿಗೆ ಊರೇ ನಗುವ ಹಬ್ಬವೆಂದು ನೋಡಿದರೆ ಮೂಗಿನ ಗೆರೆ ಸಡಿಲವಾಗುತ್ತದೆ.

ರಸ್ತೆ ಬದಿಯ ಹೊಲವೊಂದರಲ್ಲಿ ಕೋಸು ಕೊಯ್ಯುತ್ತಿದ್ದರು. ಹೊಲದ ಯಜಮಾನರು ವಯಸ್ಸಾದವರು. ನಾವು ಮೈಸೂರಿನವರೆಂದು ತಿಳಿದು ಬದುವಿನ ಮೇಲೆ ಕೂರಿಸಿ ಮಾತಾಡಿಸಿದರು. ಹೊಲದ ಮೂಲೆಯಲ್ಲಿ ಮರದ ಮೇಲೆ ಅಟ್ಟಣೆ. ಅವರ ಮಗ ರಾತ್ರಿಯೆಲ್ಲ ಅಲ್ಲಿ ಟಾರ್ಚು ಹಿಡಿದು ಆನೆ, ಹಂದಿ ಕಾದು ಆಗಷ್ಟೇ ಮಲಗಿದ್ದನಂತೆ. ರಾತ್ರಿ ದಾರಿ ಮುಚ್ಚುವ ವಿಷಯ ಎತ್ತಿದಾಗ ಅವರು ಕೋಪಿಸಿಕೊಳ್ಳಲಿಲ್ಲ. "ಆನೆಗೂ ಹೊಟ್ಟೆ ಐತೆ, ಅದರ ದಾರಿ ಅದಕ್ಕೆ ಬೇಕು. ನಮ್ಮ ಆಂಬುಲೆನ್ಸ್ ಬಿಟ್ರೆ ಸಾಕು ಅಂತ ಕೇಳಿದ್ವಿ, ಬಿಟ್ರು. ಆದ್ರೆ ಸ್ವಾಮಿ, ಆರು ಗಂಟೆ ಅನ್ನೋದು ಆನೆಗಿಂತ ಹೆಚ್ಚಾಗಿ ಮಾಲು ಕೊಳ್ಳೋನಿಗೆ ಅನುಕೂಲ ಆಯ್ತು" ಎಂದರು.

ಹೇಗೆಂದು ಕೇಳಿದೆವು. ಕೆಳಗಿನ ಪೇಟೆಯಿಂದ ಬರುವ ಲಾರಿ ಮಧ್ಯಾಹ್ನದ ಮೇಲೆ ಬರುತ್ತದೆ. ಕೊಯ್ದ ಕೋಸು ರಾಶಿ ಬಿದ್ದಿರುತ್ತದೆ. ಕೊಳ್ಳುವವನು ಅವಸರ ಮಾಡುವುದಿಲ್ಲ. ಬೀಡಿ ಸೇದುತ್ತಾನೆ, ಟೀ ಕುಡಿಯುತ್ತಾನೆ, ನಾಲ್ಕೂವರೆಗೆ ಗಡಿಯಾರ ನೋಡುತ್ತಾನೆ. ಈಗ ಹೊರಟರೆ ಮಾತ್ರ ಘಾಟಿ ಸಿಗುತ್ತದೆ, ಇಲ್ಲವಾದರೆ ನಿನ್ನ ಮಾಲು ನಾಳೆಗೆ ಬಾಡುತ್ತದೆ, ಎರಡು ರೂಪಾಯಿ ಇಳಿಸು ಎನ್ನುತ್ತಾನೆ. "ಎರಡು ಟನ್ ಕೋಸಿಗೆ ಕಿಲೋಗೆ ಎರಡು ರೂಪಾಯಿ ಅಂದ್ರೆ ನಾಲ್ಕು ಸಾವಿರ. ಅದು ನನ್ನ ಮಗ ಅಟ್ಟಣೆ ಮೇಲೆ ಕಾದ ಕೂಲಿ" ಎಂದರು ಯಜಮಾನರು.

ಮಿತ್ರರು ಏನೂ ಹೇಳಲಿಲ್ಲ. ಹಿಂದಿನ ರಾತ್ರಿಯ ಚೀಟಿ ಅವರ ಜೇಬಿನಲ್ಲೇ ಇತ್ತು. ಅವರ ಹತ್ತು ಟನ್ ಅರಿಸಿನಕ್ಕೆ ಎರಡು ಸಾವಿರ, ಈ ರೈತನ ಎರಡು ಟನ್ ಕೋಸಿಗೆ ನಾಲ್ಕು ಸಾವಿರ. ಒಣಗಿದ ಮಾಲಿನವನಿಗೆ ಕಿಲೋಗೆ 20 ಪೈಸೆ, ಹಸಿಯ ಮಾಲಿನವನಿಗೆ ಎರಡು ರೂಪಾಯಿ. ಕಾಡಿನ ಜೀವ ಉಳಿಯಿತೆಂದು ಸಂತೋಷಪಡುವವರು ಪೇಟೆಯ ನಾವು, ಅದರ ಬೆಲೆಯಲ್ಲಿ ಹತ್ತು ಪಾಲು ಕೊಡುವವರು ಬೆಟ್ಟದ ಮೇಲಿನವರು.

ವ್ರತದ ಖರ್ಚು ಯಾರ ಖಾತೆಗೆ?

ತಾಳವಾಡಿಯಿಂದ ಗಾಜನೂರಿನ ಕಡೆ ಒಂದು ಸುತ್ತು ಹಾಕಿ ಚಾಮರಾಜನಗರದ ದಾರಿ ಹಿಡಿದಾಗ ಈ ಮಾತೇ ನಮ್ಮ ನಡುವೆ ನಡೆಯಿತು. ರಾತ್ರಿಭೋಜನ ಬಿಟ್ಟವನು ತಾನೇ ಹಸಿವು ತಡೆಯುತ್ತಾನೆ. ಉಪವಾಸ ಮಾಡಿದವನು ತನ್ನ ಹೊಟ್ಟೆಯನ್ನೇ ಖಾಲಿ ಇಡುತ್ತಾನೆ. ವ್ರತ ಹಿಡಿದವನೇ ಅದರ ಕಷ್ಟವನ್ನೂ ಹಿಡಿಯಬೇಕೆಂಬುದು ಸಹಜ ನ್ಯಾಯ. ದಾರಿಯ ಈ ವ್ರತದಲ್ಲಿ ಮಾತ್ರ ಪುಣ್ಯದ ಜಮಾ ಒಬ್ಬರ ಖಾತೆಗೆ, ಖರ್ಚು ಇನ್ನೊಬ್ಬರ ಖಾತೆಗೆ ಬೀಳುತ್ತಿದೆ. ಲೆಕ್ಕ ಬಲ್ಲ ಯಾರೂ ಇದನ್ನು ಸರಿಯಾದ ಪುಸ್ತಕವೆನ್ನಲಾರರು.

ಹಾಗೆಂದು ಘಾಟಿಯನ್ನು ರಾತ್ರಿಯೂ ತೆರೆದಿಡಬೇಕೆಂದು ನಾನು ಹೇಳುತ್ತಿಲ್ಲ. ಮಿತ್ರರೂ ಹಾಗೆ ಹೇಳಲಿಲ್ಲ. ಕದ ಮುಚ್ಚಿರುವುದೇ ಸರಿ. ಮುಚ್ಚುವ ಕದವನ್ನು ತೋರಿಸಿ ಬೆಲೆ ಇಳಿಸುವುದು ತಪ್ಪು. ಇನ್ನೊಬ್ಬನ ಇಕ್ಕಟ್ಟನ್ನು ನೋಡಿ ಚೌಕಾಸಿ ಮಾಡುವುದು ಜಾಣತನವೆಂದು ಅಂಗಡಿಯಲ್ಲಿ ಹುಡುಗರಿಗೆ ಕಲಿಸುತ್ತೇವೆ. ಇಕ್ಕಟ್ಟು ಮೂಕಜೀವದ ರಕ್ಷಣೆಗಾಗಿ ಹುಟ್ಟಿದ್ದಾದರೆ ಅದರಿಂದ ತೆಗೆದ ಲಾಭ ಯಾವ ಅಣುವ್ರತಕ್ಕೆ ಹೊಂದುತ್ತದೆ? ಇದು ಕೋಸು ಕೊಳ್ಳುವವರಿಗಷ್ಟೇ ಅಲ್ಲ, ಬೆಟ್ಟದ ಮಾಲು ತರಿಸುವ ಎಲ್ಲರಿಗೂ ಸಲ್ಲುವ ಮಾತು. ಅರಿಸಿನ, ಹುಣಸೆ, ಜೇನು, ಸೀಗೆಕಾಯಿ, ರಾಗಿ, ಹೂವು ನಮ್ಮ ಅಂಗಡಿಗಳಿಗೆ ಬರುವುದು ಇಂಥ ಊರುಗಳಿಂದಲೇ.

ಮಾಡಬಹುದಾದದ್ದು ದೊಡ್ಡದೇನಲ್ಲ. ಲಾರಿಯನ್ನು ಬೆಳಿಗ್ಗೆಯೇ ಕಳಿಸಿದರೆ ಸಂಜೆಯ ಅವಸರವೇ ಹುಟ್ಟುವುದಿಲ್ಲ. ಬೆಲೆಯನ್ನು ಹಿಂದಿನ ದಿನವೇ ಮಾತಾಡಿ ಗಟ್ಟಿ ಮಾಡಬಹುದು. ರಾತ್ರಿ ನಿಂತ ಖರ್ಚನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆದು ಕೊಳ್ಳುವವರೇ ಭರಿಸಬಹುದು. ಲಾರಿಗೆ ಮಿತಿಮೀರಿ ಹೇರಬಾರದೆಂದು ಸಾಗಣೆಯವರಿಗೆ ಕಟ್ಟುನಿಟ್ಟಾಗಿ ಹೇಳಬಹುದು. ಮೈಸೂರು ಸೇರುವ ಹೊತ್ತಿಗೆ ಮಿತ್ರರು ತಮ್ಮ ಮಟ್ಟಿಗೆ ಈ ನಾಲ್ಕನ್ನೂ ಒಪ್ಪಿದ್ದರು. ಹೊಸ ಲೆಕ್ಕದ ಪುಸ್ತಕದಲ್ಲಿ 'ಘಾಟಿ ಖರ್ಚು' ಎಂದು ಒಂದು ಖಾತೆ ತೆರೆಯುವುದಾಗಿಯೂ ಹೇಳಿದರು.

ಹೋಗುವವರಿಗೆ ಕೆಲವು ಸೂಚನೆ

ಕುಟುಂಬ ಸಮೇತ ಹೋಗಲು ಮೂರು ದಿನ ಸಾಕು. ಮೈಸೂರಿನಿಂದ ಚಾಮರಾಜನಗರ ಸುಮಾರು 60 ಕಿಲೋಮೀಟರ್. ಕನಕಗಿರಿಯ ದರ್ಶನ ಮುಗಿಸಿ ಮೊದಲ ದಿನ ಅಲ್ಲೇ ತಂಗುವುದು ಅನುಕೂಲ. ಕಾಡಿನ ದಾರಿಯನ್ನು ಹಗಲಿನಲ್ಲೇ ಕ್ರಮಿಸಿ. ದಾರಿ ಮುಚ್ಚುವ ಸಮಯವನ್ನು ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಕಾಡಿನ ನಡುವೆ ವಾಹನ ನಿಲ್ಲಿಸಬೇಡಿ, ಇಳಿಯಬೇಡಿ, ಆನೆ ಕಂಡರೆ ದೂರದಲ್ಲೇ ನಿಂತು ಹಾರನ್ ಮಾಡದೆ ಕಾಯಿರಿ. ಮಂಗಗಳಿಗೆ ತಿಂಡಿ ಎಸೆಯುವುದು ದಯೆಯಲ್ಲ. ರಸ್ತೆಗೆ ಬಂದು ಕೂರುವುದನ್ನು ಅವಕ್ಕೆ ಕಲಿಸಿದಂತಾಗುತ್ತದೆ. ನಮ್ಮ ಪದ್ಧತಿಯ ಊಟ ಬೇಕಾದವರು ಮೊದಲೇ ಹೇಳಿದರೆ ಅಲ್ಲಿನ ಜನ ಸಂತೋಷದಿಂದ ಮಾಡಿಕೊಡುತ್ತಾರೆ. ಒಣ ತಿಂಡಿ, ಕುದಿಸಿ ಸೋಸಿದ ನೀರು ಜೊತೆಯಲ್ಲಿರಲಿ. ಹಿಂಗಾರಿನ ಮಳೆ ಹೇಳದೆ ಬರುತ್ತದೆ, ಕೊಡೆ ಮರೆಯಬೇಡಿ.

ಹಿಂತಿರುಗುವಾಗ ತಾಳವಾಡಿಯ ಹೊಲದ ಬದಿಯಲ್ಲಿ ತರಕಾರಿ ಕೊಳ್ಳುವಿರಾದರೆ ರೈತ ಹೇಳಿದ ಬೆಲೆಯನ್ನು ಕೊಟ್ಟು ಬನ್ನಿ. ಗಡಿಯಾರ ನೋಡಬೇಡಿ.